ಹುರುಳಿ ಹಾಸಿದ ರಸ್ತೆಯಲ್ಲಿ ಆರು ಸೈಕಲ್ಲು

ಶಿಕಾರಿಪುರ ತಾಲ್ಲೂಕಿನಲ್ಲಿ ಪರಿಸರವನ್ನು ಕಂಡುಹಿಡಿದವನು ನಾನು. ಈಗ ಜೂನ್ ತಿಂಗಳು ಬಂತೆಂದರೆ ಒಂದು ಸಸಿಗೆ ಹದಿನಾಲ್ಕು ಜನ ಕೈ ಹಚ್ಚಿ ಫೋಟೋ ಹೊಡೆಸಿಕೊಳ್ಳುತ್ತಾರೆ, ಸಂತೋಷ. ಆದರೆ ತೊಂಬತ್ತಾರನೇ ಇಸವಿಯ ಜನವರಿಯಲ್ಲಿ, ತೊಗರ್ಸಿಯಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ, ಹನ್ನೊಂದು ಹುಡುಗಿಯರನ್ನು ಹೊಗೆಯಿಂದ ಇಳಿಸಿ ಸೈಕಲ್ಲಿಗೆ ಹತ್ತಿಸಿದವನು ಈ ಮಹಾಂತೇಶ. ಅದಕ್ಕೆ ಯಾರಾದರೂ ಒಂದು ಹಾರ ಹಾಕಿದರೇ? ಇಲ್ಲ. ಅವತ್ತು ನಮ್ಮ ಜನ ನನಗೆ ಏನು ಹಾಕಿದರು ಎನ್ನುವುದನ್ನು ಮುಂದೆ ಹೇಳುತ್ತೇನೆ, ನಗಬಾರದು.

ನಮ್ಮೂರು ತೊಗರ್ಸಿಯ ಹೈಸ್ಕೂಲಿನಲ್ಲಿ ಆಗ ಹುಡುಗಿಯರ ಖೋಖೋ ಟೀಮು ಇತ್ತು. ಎಂಥ ಟೀಮು ಅಂತೀರಿ! ಅವರು ಓಡುವಾಗ ಮೈದಾನದ ಹುಲ್ಲು ಹೆದರಿ ಮಲಗಿಬಿಡುತ್ತಿತ್ತು. ಅದರಲ್ಲೂ ನನ್ನ ತಂಗಿ ಗಂಗಾಶ್ರೀ, ಹದಿನೈದು ವರ್ಷದವಳು, ಕಂಬ ಹಿಡಿದು ಗರ್ರನೆ ತಿರುಗಿದಳೆಂದರೆ ಅವಳು ಮೊದಲು ತಿರುಗಿ, ಅವಳ ಜಡೆ ಅರ್ಧ ನಿಮಿಷ ಬಿಟ್ಟು ತಿರುಗುತ್ತಿತ್ತು. ಅವಳನ್ನು ಮುಟ್ಟಿ ಔಟ್ ಮಾಡಿದವರು ಇಡೀ ತಾಲ್ಲೂಕಿನಲ್ಲಿ ಒಬ್ಬಳೇ, ಅವಳ ಗೆಳತಿ ಬಿಂದುಶ್ರೀ. ಅದೂ ಗಂಗಾಶ್ರೀಗೆ ಜ್ವರ ಬಂದಿದ್ದಾಗ.

ಆ ವರ್ಷ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಸೇರಿಸಿ ಒಂದೇ ಟೀಮು ಮಾಡಿ ಹೊರಗಿನ ಪಂದ್ಯಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಆರಿಸುವವರು ಸೊರಬದ ಕಡೆ ಉಳವಿಯ ಸುಬ್ಬಯ್ಯ ಮೇಷ್ಟ್ರು, ರಿಟೈರಾದ ಡ್ರಿಲ್ ಮೇಷ್ಟ್ರು. ಎರಡೂ ಕಡೆಗೆ ನಡುವೆ ಅಂತ ಶಿರಾಳಕೊಪ್ಪದ ಮೈದಾನದಲ್ಲಿ ದಿನಾ ಸಂಜೆ ಪ್ರಾಕ್ಟೀಸು, ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಆಯ್ಕೆ. ಮುಂದಿನ ವರ್ಷ ಗಂಗಾಶ್ರೀ ವಯಸ್ಸಿನ ಗೆರೆ ದಾಟುತ್ತಿದ್ದಳು. ಅಂದರೆ ಅವಳಿಗಿದ್ದದ್ದು ಇದೊಂದೇ ಸಲ.

ನಾನು ಟೀಮಿನ ಮ್ಯಾನೇಜರು. ನೇಮಿಸಿದವರು ಯಾರೆಂದು ಕೇಳಬೇಡಿ. ಪಿಯುಸಿಯ ಇಂಗ್ಲಿಷಿಗೆ ನನ್ನನ್ನು ಪಾಸು ಮಾಡುವ ಯೋಗ್ಯತೆ ಇರಲಿಲ್ಲವಾಗಿ ನನಗೆ ಬಿಡುವಿತ್ತು.

ಹನ್ನೊಂದು ಕಿಲೋಮೀಟರು ಹೋಗುವುದು ಹೇಗೆ? ಸಂಜೆ ಹೋಗುವ ಬಸ್ಸು ಬರುವಷ್ಟರಲ್ಲಿ ಪ್ರಾಕ್ಟೀಸು ಮುಗಿದು ಸುಬ್ಬಯ್ಯ ಮೇಷ್ಟ್ರು ಉಳವಿಯಲ್ಲಿ ಕಾಫಿ ಕುಡಿಯುತ್ತಿರುತ್ತಿದ್ದರು. ಅದಕ್ಕೇ ಮೆಕ್ಕೆಜೋಳದ ವ್ಯಾಪಾರಿ ಪರಮಶಿವಪ್ಪನವರು ಪುಣ್ಯದ ಕೆಲಸ ಎಂದು ತಮ್ಮ ಟೆಂಪೋ ಕೊಟ್ಟರು. ಡ್ರೈವರ್ ಕೆಂಪಪ್ಪ. ಆ ಟೆಂಪೋ ಹೊಗೆ ಬಿಡುತ್ತಿತ್ತು ಅನ್ನುವುದು ತಪ್ಪು. ಹೊಗೆಯೇ ಒಂದು ಟೆಂಪೋವನ್ನು ಎಳೆದುಕೊಂಡು ಹೋಗುತ್ತಿತ್ತು. ಕೆಂಪಪ್ಪ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದ. ರಸ್ತೆಬದಿಯ ಹುಣಸೆಮರಗಳ ಎಲೆ ಮಸಿ ಹಿಡಿದು, ದನ ಕೂಡ ಅದರ ನೆರಳಿಗೆ ಹೋಗಲು ಹಿಂದೆಮುಂದೆ ನೋಡುತ್ತಿದ್ದವು. ಹಿಂದಿನ ಡಬ್ಬಿಯ ತಳದಲ್ಲಿ ತೂತು; ಬಿಳಿ ಸಮವಸ್ತ್ರದಲ್ಲಿ ಹತ್ತಿದ ಹುಡುಗಿಯರು ಇಳಿಯುವಾಗ ಇದ್ದಿಲು ಮಾರಲು ಬಂದವರ ಹಾಗೆ ಕಾಣುತ್ತಿದ್ದರು.

ಮೊದಲ ದಿನವೇ ಕೆಂಪಪ್ಪ ಟೆಂಪೋವನ್ನು ನೇರ ಮೈದಾನದೊಳಗೆ ತಂದು ನಿಲ್ಲಿಸಿದ. ಹೊಗೆ ಪರದೆ ಬಿಟ್ಟ ಹಾಗೆ ನಿಂತಿತು. ಅದರ ಆಚೆಯಿಂದ ಸುಬ್ಬಯ್ಯ ಮೇಷ್ಟ್ರ ದನಿ ಮಾತ್ರ ಕೇಳಿಸಿತು.

"ಎಂಥದ್ದು ಮಾರಾಯ ಇದು? ಓಡ್ಲಿಕ್ಕೆ ಬರೋ ಮಕ್ಕಳನ್ನ ಹಪ್ಪಳ ಸುಟ್ಟ ಹಾಗೆ ಸುಟ್ಟು ತರ್ತೀಯಲ್ಲ!"

ಮೂರನೆಯ ವಾರಕ್ಕೆ ಗಂಗಾಶ್ರೀಗೆ ಉಬ್ಬಸ ಹತ್ತಿಕೊಂಡಿತು. ಇಲ್ಲಿ ನಾನು ಏನನ್ನೂ ಹೆಚ್ಚಿಸಿ ಹೇಳುವುದಿಲ್ಲ. ಟೆಂಪೋ ಇಳಿದವಳು ಮೈಲುಗಲ್ಲಿನ ಮೇಲೆ ಕೂತು, ಮೊಣಕಾಲಿಗೆ ಕೈ ಊರಿ, ಉಸಿರು ಎಳೆದುಕೊಳ್ಳುತ್ತಿದ್ದಳು. ಒಳಗಿನಿಂದ ತೂತುಬಿದ್ದ ಪೀಪಿಯ ಹಾಗೆ ಸುಂಯ್ ಸುಂಯ್ ಎಂದು ಸದ್ದು. ಡಾಕ್ಟರು ಹೊಗೆ, ದೂಳು ಎರಡರಿಂದಲೂ ದೂರ ಇಡಿ ಅಂದರು. ನಮ್ಮವ್ವ ಅಕ್ಕನಾಗಮ್ಮ ಮಾತು ಕಡಿಮೆ ಆಡುವವಳು. ಆಡಿದರೆ ಅದು ಗೆಜೆಟ್ಟು.

"ಇನ್ನೊಂದು ಸಲ ಇವಳ ಎದೀ ಸುಂಯ್ ಅಂದ್ರ ಆಟ ಬಂದ್. ಉಸಿರು ಕಳಕೊಂಡು ಯಾವ ಟೀಮಿಗೆ ಸೇರೋದದ?"

ಗಂಗಾಶ್ರೀ ಅಳಲಿಲ್ಲ. ನನ್ನ ಕಡೆ ತಿರುಗಿ, "ಅಣ್ಣಾ, ಬಾಯಿ ಬಡಾಯಿ ಬಿಟ್ಟು ಏನಾರ ಮಾಡು" ಅಂದಳು, ಅಷ್ಟೇ.

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಹೊಳೆದ ಬೆಳಕಿಗೆ ಊರಿನ ಬಲ್ಬುಗಳು ನಾಚಿಕೊಂಡಿರಬೇಕು. ಸೈಕಲ್ಲು! ಊರೆಲ್ಲ ಸುತ್ತಿ ಆರು ಸೈಕಲ್ಲು ಸಂಪಾದಿಸಿದೆ. ಹಾಲಿನವರದೊಂದು, ಅಂಚೆಯವರದೊಂದು, ಮೂರು ನೆಂಟರವು, ನಮ್ಮದೊಂದು. ಹನ್ನೊಂದು ಹುಡುಗಿಯರು, ಒಬ್ಬ ಮ್ಯಾನೇಜರು, ಆರು ಸೈಕಲ್ಲು, ಒಂದಕ್ಕಿಬ್ಬರು. ಎಲ್ಲವೂ ಗಂಡಸರ ಸೈಕಲ್ಲು, ನಡುವೆ ಬಾರು. ಲಂಗದ ಹುಡುಗಿಯರು ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ, ಕುಂಟುವ ಕೊಕ್ಕರೆಗಳ ಹಾಗೆ ಹೊರಟರೆ ಊರ ಹಿರಿಯರು ಕಟ್ಟೆ ಮೇಲಿಂದ ಎದ್ದು ನಿಂತು ನೋಡಿದರು. ಐದೇ ದಿನ. ಆರನೆಯ ದಿನ ಬಾರಿನ ಮೇಲಿಂದಲೇ ಕಾಲು ಹಾಕಿ, ಒಬ್ಬರಿಗೊಬ್ಬರು ಪಂದ್ಯ ಕಟ್ಟಿ ಹೊಡೆದರು. ಗಂಗಾಶ್ರೀಯ ಎದೆ ಸುಮ್ಮನಾಯಿತು. ಸುಬ್ಬಯ್ಯ ಮೇಷ್ಟ್ರಿಗೂ ಖುಷಿ: "ಇವರಿಗೆ ವಾರ್ಮ್ ಅಪ್ಪೇ ಬೇಡ, ಬರ್ತಾನೇ ಕುದ್ದು ಬರ್ತಾರೆ. ನೋಡಿ ಕಲೀರಿ" ಎಂದು ಸೊರಬದ ಹುಡುಗಿಯರಿಗೆ ಹೇಳಿದರು. ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬರುತ್ತಿದ್ದ ಸಮೀಕ್ಷಾ ಎನ್ನುವ ಹುಡುಗಿ ನಮ್ಮವರನ್ನು ನೋಡಿ ಮೂಗು ಮುರಿದಳು. ಹೊಟ್ಟೆಕಿಚ್ಚು, ಇನ್ನೇನು.

ಎಲ್ಲ ಸುಖವಾಗಿತ್ತು, ಹುಚ್ಚರಾಯಪ್ಪನವರೊಬ್ಬರನ್ನು ಬಿಟ್ಟು.

ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಕಣ ಮಾಡುವ ತಾಪತ್ರಯ ಯಾರಿಗೂ ಬೇಡ. ಸರ್ಕಾರ ಟಾರು ಹಾಕಿದ್ದೇ ಒಕ್ಕಣೆಗೆ ಎಂದು ನಂಬಿದವರು ನಾವು. ಗಿಡವನ್ನು ರಸ್ತೆಗೆ ಹಾಸಿದರೆ ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಸಂಜೆ ಹೊಟ್ಟು ತೂರಿ ಚೀಲ ತುಂಬಿದರೆ ಆಯಿತು. ಕೆರೆ ಏರಿಯ ಆಚೆ ಹೊಲ ಇದ್ದ ಹುಚ್ಚರಾಯಪ್ಪನವರು ಆ ವರ್ಷ ನಮ್ಮ ಟೆಂಪೋ ಸಮಯ ನೋಡಿಕೊಂಡೇ ಹುರುಳಿ ಹಾಸುತ್ತಿದ್ದರಂತೆ. ನಾನು ಟೆಂಪೋ ನಿಲ್ಲಿಸಿದ್ದೇ ತಡ, ಅವರ ಒಕ್ಕಣೆ ನಿಂತಿತು. ಆಯ್ಕೆಗೆ ನಾಲ್ಕು ದಿನ ಇರುವಾಗ ನನ್ನ ಸೈಕಲ್ಲಿಗೆ ಅಡ್ಡ ನಿಂತರು.

"ಅಲ್ಲಲೇ ಮಾಂತೇಶ, ಹನ್ನೊಂದು ಹುಡುಗೀರ ಭಾರ ಹೊತ್ತ ಟೆಂಪೋ ಮ್ಯಾಲೆ ಹೋದ್ರ ಪಟಪಟ ಅಂತ ಕಾಳು ಸಿಡೀತಿತ್ತು. ನಿನ್ನ ಸೈಕಲ್ಲು ಹೋದ್ರ ಹುರುಳಿಗೆ ಕಚಗುಳಿ ಇಟ್ಟಂಗ ಆಗ್ತದ. ಮ್ಯಾಲೆ ಮೋಡ ಬೇರೆ. ನನ್ನ ಗತಿ ಏನು?"

"ದೂಳು ಹೊಗೆ ನಮ್ಮ ಗಂಗಾಗೆ ಆಗಲ್ಲ ಮಾವಾ" ಅಂದೆ.

"ನನಗ ಹೊಟ್ಟೀಗೆ ಇಲ್ಲದಿದ್ರ ಆಗ್ತದೇನು?"

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಆದರೆ ಮ್ಯಾನೇಜರು ಅಂದಮೇಲೆ ಸುಮ್ಮನೆ ಬರಲಾಗುತ್ತದೆಯೇ? "ಚಿಂತೆ ಬಿಡ್ರೀ" ಅಂದೆ. "ಭಾನುವಾರ ಆಯ್ಕೆ ಇದೆ. ಈ ರಸ್ತೆ ಮೇಲೆ ಎಷ್ಟು ಗಾಡಿ ಬರ್ತವೆ ಗೊತ್ತಾ? ಜಿಲ್ಲೆಯ ಸಾಹೇಬರ ಜೀಪು ನಾಲ್ಕು. ಬಸ್ಸು ಆರು. ಪತ್ರಿಕೆಯವರ ಕಾರು. ಬೆಳಿಗ್ಗೆ ಏಳಕ್ಕೇ ಶುರು. ನೀವು ಹಾಸಿ, ನೋಡ್ತಿರಿ, ಕಾಳು ತಾನಾಗೇ ಎದ್ದು ಚೀಲದಾಗೆ ಕೂರ್ತಾವೆ."

ಹುಚ್ಚರಾಯಪ್ಪ ಕಣ್ಣು ಕಿರಿದು ಮಾಡಿದರು. "ಸೊರಬದವರು ಶಿರಾಳಕೊಪ್ಪಕ್ಕ ಹೋಗೋಕ ತೊಗರ್ಸಿ ಸುತ್ತಿ ಯಾಕ ಬರ್ತಾರಲೇ?"

"ಮೊದಲು ನಮ್ಮೂರ ಗುಡಿಯ ಮಲ್ಲಿಕಾರ್ಜುನನಿಗೆ ಕೈ ಮುಗಿದು ಆಮೇಲೆ ಮೈದಾನಕ್ಕೆ ಹೋಗ್ತಾರೆ. ದೊಡ್ಡವರು, ದೈವಭಕ್ತರು."

ದೇವರ ಹೆಸರು ಬಂದಮೇಲೆ ಅವರು ನಂಬಿದರು. ನನಗೂ ಅರ್ಧ ನಂಬಿಕೆ ಬಂತು, ಅಷ್ಟು ಚೆನ್ನಾಗಿ ಹೇಳಿದ್ದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಎಂಟೂವರೆಗೆ ಸುಬ್ಬಯ್ಯ ಮೇಷ್ಟ್ರ ಸೀಟಿ. ಸೀಟಿ ಊದಿದ ಮೇಲೆ ಬಂದವರು ಗೇಟಿನ ಹೊರಗೆ ಎಂದು ಮೊದಲೇ ಹೇಳಿದ್ದರು. ತಣ್ಣನೆ ಗಾಳಿ, ಹುಡುಗಿಯರ ನಗು, ನನ್ನ ಹಿಂದಿನ ಕ್ಯಾರಿಯರಿನಲ್ಲಿ ಗಂಗಾಶ್ರೀ. ಕೆರೆ ಏರಿ ಇಳಿದು ತಿರುವು ತೆಗೆದುಕೊಂಡೆವು ನೋಡಿ, ರಸ್ತೆ ಇರಲಿಲ್ಲ!

ಹುರುಳಿ. ಮೊಣಕಾಲುದ್ದ ಹುರುಳಿ. ಈ ಅಂಚಿನಿಂದ ಆ ಅಂಚಿಗೆ, ಕಣ್ಣು ಹರಿಯುವ ತನಕ. ಹುಚ್ಚರಾಯಪ್ಪನವರು ನನ್ನ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಲಿಲ್ಲ. ಮುಂದಿನ ಎರಡು ಊರಿಗೂ ಹಂಚಿದ್ದರು. ಇಡೀ ಸೀಮೆಯ ಹುರುಳಿಯೆಲ್ಲ ಜೀಪುಗಳಿಗೆ ಕಾಯುತ್ತ ಮಲಗಿತ್ತು. ಹನ್ನೆರಡು ಕಿಲೋಮೀಟರು ಇದ್ದಿರಬೇಕು. ಒಟ್ಟು ದಾರಿಯೇ ಹನ್ನೊಂದಲ್ಲವೇ ಎಂದು ಕೇಳುವವರಿಗೆ ಉತ್ತರ: ಎರಡು ಕಿಲೋಮೀಟರು. ಹೆಂಗಸರು ಗಂಡಸರು ಎರಡೂ ಬದಿಗೆ ಸಾಲಾಗಿ ಕೂತು ಚಾ ಕುಡಿಯುತ್ತಿದ್ದರು, ಮೆರವಣಿಗೆ ನೋಡಲು ಬಂದವರ ಹಾಗೆ.

ಮುಂದಿದ್ದ ಬಿಂದುಶ್ರೀ ನೋಡದೆ ನುಗ್ಗಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿ ಚೈನಿಗೆ ಸುತ್ತಿ, ಚಕ್ರದ ಕಡ್ಡಿಗಳಿಗೆ ಸಿಕ್ಕಿ, ಸೈಕಲ್ಲು ಮಂಡಿಯೂರಿತು. ಅವಳು ಹುರುಳಿಯೊಳಗೆ ಮುಳುಗಿ ಎದ್ದಳು. ರಸ್ತೆಯ ಒಂದು ಪಕ್ಕ ಜಾಲಿಮುಳ್ಳಿನ ಬೇಲಿ, ಇನ್ನೊಂದು ಪಕ್ಕ ನೀರು ಹರಿಯುವ ಕಾಲುವೆ. ಸೈಕಲ್ಲು ಹೊತ್ತು ನಡೆದರೆ ಎರಡು ಕಿಲೋಮೀಟರು, ಆಮೇಲೆ ತುಳಿಯಬೇಕಾದ್ದು ಆರು. ಗಂಟೆ ಏಳೂಕಾಲು ದಾಟಿತ್ತು.

"ಬಂದ್ರೇನು ಸಾಹೇಬ್ರು?" ಹುಚ್ಚರಾಯಪ್ಪ ಚಾ ಲೋಟ ಹಿಡಿದೇ ಎದ್ದು ಬಂದರು. "ಜೀಪು ಹಿಂದ ಅದಾವೇನು?"

ನಾನು ಹಿಂದೆ ತಿರುಗಿ ನೋಡಿದೆ, ಬಂದರೂ ಬರಬಹುದು ಎನ್ನುವ ಹಾಗೆ. ಆಗಲೇ ಕೆರೆ ಏರಿಯ ಮೇಲೆ ಕರ್ರಗೆ ಒಂದು ಮೋಡ ಎದ್ದಿತು. ಕೆಂಪಪ್ಪನ ಟೆಂಪೋ! ಇಷ್ಟು ಗಾಡಿ ಬರುವಾಗ ತನ್ನದೂ ಒಂದಿರಲಿ ಎಂದು ಅವನೂ ಹೊರಟಿದ್ದ.

ಕ್ಯಾರಿಯರಿನಿಂದ ಇಳಿದ ಗಂಗಾಶ್ರೀ ಹುರುಳಿಯನ್ನು ನೋಡಿದಳು, ಹೊಗೆಯನ್ನು ನೋಡಿದಳು. ಟೆಂಪೋ ಒಂದು ಸಲ ಈ ಹುರುಳಿಯ ಮೇಲೆ ಹಾದರೆ ಸಾಕು, ಹೊಟ್ಟಿನ ದೂಳು, ಸೀಮೆಎಣ್ಣೆಯ ಹೊಗೆ ಎರಡೂ ಸೇರಿ ಅವಳ ಎದೆಯೊಳಗೆ ಮನೆ ಮಾಡುತ್ತಿದ್ದವು. ಅವಳು ದಾವಣಿಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. "ಮನೀಗೆ ಹೋಗೋಣ ನಡಿ ಅಣ್ಣಾ" ಅಂದಳು. ಅವಳು ಸಿಟ್ಟು ಮಾಡಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಮೆಲ್ಲಗೆ ಅಂದಳು.

ಸುಳ್ಳನ್ನು ಬೆಟ್ಟದಷ್ಟು ಎತ್ತಬಲ್ಲ ನನಗೆ ಸಾಸಿವೆಯಷ್ಟು ನಿಜ ಎತ್ತುವುದು ಎಷ್ಟು ಭಾರ ಅಂತ ಅವತ್ತೇ ಗೊತ್ತಾದದ್ದು. ಓಡಿಹೋಗಿ ಟೆಂಪೋಗೆ ಅಡ್ಡ ನಿಂತೆ. ಕೆಂಪಪ್ಪ ಬ್ರೇಕು ಒತ್ತಿ, "ಸಾಯಾಕ ನನ್ನ ಟೆಂಪೋನೇ ಬೇಕಾತೇನಲೇ?" ಅಂದ. ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದೆ. ಆಮೇಲೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ:

"ಹುಚ್ಚರಾಯಪ್ಪ ಮಾವಾ, ಜೀಪೂ ಇಲ್ಲ, ಬಸ್ಸೂ ಇಲ್ಲ. ಯಾವ ಸಾಹೇಬರೂ ಬರಲ್ಲ. ನಾನು ಸುಳ್ಳು ಹೇಳಿದ್ದೆ."

ಎರಡು ಕಿಲೋಮೀಟರು ಚಾ ಕುಡಿಯುವುದು ಒಟ್ಟಿಗೇ ನಿಂತಿತು.

"ಒಂದೂ ಇಲ್ಲಾ?" ಹುಚ್ಚರಾಯಪ್ಪನವರ ದನಿ ಹಸುಗೂಸಿನ ಹಾಗಿತ್ತು.

"ಒಂದೂ ಇಲ್ಲ."

"ಪತ್ರಿಕೆಯವರ ಕಾರು?"

"ಅದೂ ಇಲ್ಲ ಮಾವಾ."

ಆಮೇಲೆ ಅವರು ಅಂದದ್ದನ್ನು ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ನನ್ನ ಹಿಂದಿನ ಏಳು ತಲೆಮಾರನ್ನು ಎಬ್ಬಿಸಿ ನಿಲ್ಲಿಸಿ ಬೈದರು, ಮುಂದೆ ಹುಟ್ಟುವವರಿಗೂ ಸ್ವಲ್ಪ ಉಳಿಸಿದರು. ಹುರುಳಿ ತಿರುವುವ ಕಾರುಗೋಲು ಎತ್ತಿಕೊಂಡು ಬಂದರು ಕೂಡ. ಅಷ್ಟರಲ್ಲಿ ಅವರ ಹೆಂಡತಿ ಯಮುನಮ್ಮ ಬಂದು, ನನ್ನನ್ನು ನೋಡದೆ, ನೇರ ಗಂಗಾಶ್ರೀಯ ಮುಂದೆ ನಿಂತಳು.

"ಅಳಬ್ಯಾಡ ನನ್ನವ್ವ. ಎಷ್ಟೊತ್ತಿಗೆ ಅಲ್ಲಿರಬೇಕು ನೀನು?"

"ಎಂಟೂವರೀಗೆ ಯಮುನಕ್ಕಾ. ದೂಳು ಎದ್ರೆ ನನಗೆ ಓಡಾಕ ಆಗಲ್ಲ."

ಯಮುನಮ್ಮ ಬಗ್ಗಿ ಒಂದು ಹಿಡಿ ಹುರುಳಿ ಬಳ್ಳಿಯನ್ನು ಹಿಸುಕಿ ನೋಡಿದಳು. ಅಂಗೈ ಒದ್ದೆಯಾಯಿತು. "ಇನ್ನೂ ಇಬ್ಬನಿ ಅದ. ಈಗ ಎಳದ್ರ ಒಂದು ಚೂರು ದೂಳು ಏಳಂಗಿಲ್ಲ. ಬಿಸಲು ಏರಿದ್ರ ಕೆಟ್ಟಿತು" ಎಂದವಳೇ ಗಂಡನ ಕೈಯಿಂದ ಕಾರುಗೋಲು ಕಿತ್ತುಕೊಂಡಳು. "ಇವನ ಬೆನ್ನಿಗೆ ಇದನ್ನ ಆಮ್ಯಾಲೆ ಹಾಕೋಣಂತ. ಮೊದಲು ಹುಡುಗೀರಿಗೆ ದಾರಿ ಬಿಡ್ರಿ!"

"ನನ್ನ ಒಕ್ಕಣೀ?" ಅಂದರು ಹುಚ್ಚರಾಯಪ್ಪ.

"ಕಾಳಿನ ಮ್ಯಾಲೆ ಉರುಳಿಸೋ ರೋಣಗಲ್ಲು ಐತಲ್ಲ ಹಿತ್ತಲಾಗ. ಎಳಿಯಾಕ ಎತ್ತೂ ಸಿಕ್ಕಿತು" ಎಂದು ಯಮುನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಕೂಗು ಸಾಲಿನುದ್ದಕ್ಕೂ ಹೋಯಿತು. "ಹುಡುಗೀರು ಬರ್ತಾರ, ಎಳಕೊಳ್ರೋ! ಹಸಿ ಇರೋವಾಗ್ಲೇ ಎಳಕೊಳ್ರೋ!" ಬೈಯುತ್ತಲೇ ಎದ್ದರು, ನಗುತ್ತಲೂ ಎದ್ದರು. ಕಾರುಗೋಲು, ಕೋಲು, ಬರೀ ಕೈ, ಸಿಕ್ಕಿದ್ದರಲ್ಲಿ ಹುರುಳಿಯನ್ನು ಬೇಲಿಯ ಕಡೆಗೆ ಎಳೆದುಕೊಂಡರು. ಕಾಲುವೆಯ ಪಕ್ಕದಲ್ಲಿ ಒಂದು ಮೊಳ ಅಗಲದ ಟಾರು, ಬೈತಲೆ ತೆಗೆದ ಹಾಗೆ, ಇಬ್ಬನಿಯಲ್ಲಿ ಹೊಳೆಯುತ್ತ ಬಿಚ್ಚಿಕೊಳ್ಳುತ್ತ ಹೋಯಿತು. ಕೆಂಪಪ್ಪ ಕೂಡ ಇಳಿದು ಬಿಂದುಶ್ರೀಯ ಚೈನಿನಿಂದ ಬಳ್ಳಿ ಬಿಡಿಸಿಕೊಟ್ಟ.

ಗಂಗಾಶ್ರೀ ನನ್ನ ಸೈಕಲ್ಲನ್ನು ತಾನೇ ಹತ್ತಿದಳು. "ನೀನು?" ಅಂದಳು.

"ನನಗೆ ಇಲ್ಲಿ ಮುಖ್ಯ ಕೆಲಸ ಇದೆ. ಹೋಗು."

ಒಂದರ ಹಿಂದೊಂದು ಆರು ಸೈಕಲ್ಲು, ಆ ಮೊಳದಗಲದ ದಾರಿಯಲ್ಲಿ, ಗಂಟೆ ಬಾರಿಸುತ್ತ ಹೊರಟವು. ಅಕ್ಕಪಕ್ಕದವರು ಉಸಿರು ಬಿಗಿಹಿಡಿದು ನೋಡಿದರು. ಒಬ್ಬಳು ವಾಲಿದರೂ ಕಾಲುವೆಗೇ. ಯಾರೂ ವಾಲಲಿಲ್ಲ. ತಿರುವಿನಲ್ಲಿ ಕೊನೆಯ ಜಡೆ ಮರೆಯಾದಾಗ ಏಳೂ ಮುಕ್ಕಾಲು.

ಬಿಸಿಲೇರಿದ ಮೇಲೆ ನನ್ನ ಹೆಗಲಿಗೆ ಹಗ್ಗ ಹಾಕಿದರು. ಹಾರದ ಬದಲಿಗೆ ಹಾಕಿದ್ದು ಅದನ್ನೇ. ಹಿಂದೆ ರೋಣಗಲ್ಲು. ನಾಲ್ಕೆತ್ತು ಎಳೆಯುವ ಕಲ್ಲನ್ನು ಒಬ್ಬನೇ ಎಳೆದೆ. ಹುಚ್ಚರಾಯಪ್ಪ ಅದು ಕರುಗಳಿಗೆ ಕಲಿಸುವ ಸಣ್ಣ ಕಲ್ಲು ಅನ್ನುತ್ತಾರೆ, ಅವರ ಮಾತು ನಂಬಬೇಡಿ. ಒಂದು ಸುತ್ತು, ಹತ್ತು ಸುತ್ತು, ನೂರು ಸುತ್ತು. "ಹೋ, ಹೋ, ಬಲಕ್ಕ ತಿರುಗು ಮ್ಯಾನೇಜರಾ!" ಎಂದು ಮಕ್ಕಳೆಲ್ಲ ಹಿಂದೆ ಬಂದರು. ಕೆಂಪಪ್ಪನೂ ಮಧ್ಯಾಹ್ನ ಟೆಂಪೋವನ್ನು ನಾಲ್ಕು ಸಲ ಓಡಿಸಿ ಉಳಿದವರ ಹುರುಳಿ ತುಳಿಸಿದ. ಹೊಗೆ ಬೇಕಾದಷ್ಟು ಎದ್ದಿತು, ಅದನ್ನು ಕುಡಿಯಲು ಗಂಗಾಶ್ರೀ ಅಲ್ಲಿರಲಿಲ್ಲ.

ಆದರೆ ಮೈ ಇಲ್ಲಿ, ಜೀವ ಅಲ್ಲಿ. ಮುಟ್ಟಿದರೋ ಇಲ್ಲವೋ? ಹಸಿಯಲ್ಲೂ ಚೂರು ದೂಳು ಹೋಗಿದ್ದರೆ? ಮೂರು ಗಂಟೆಯ ಬಸ್ಸು ನಿಲ್ಲಿಸಿ ಕಂಡಕ್ಟರನ್ನು ಕೇಳಿದೆ. "ಮೈದಾನದಾಗ ಗದ್ದಲ ಇತ್ತಪ್ಪ. ಯಾವಳೋ ಒಬ್ಬಳು ಬಿದ್ದಳು ಅಂದ್ರು" ಎಂದ. ಯಾವಳು ಅಂದರೆ ಗೊತ್ತಿಲ್ಲ. ಬಸ್ಸು ಹೋಯಿತು. ನಾಲ್ಕಕ್ಕೆ ಅವ್ವ ಊರಿಂದ ನಡೆದೇ ಬಂದಳು. ಹೆಗಲ ಮೇಲಿನ ಹಗ್ಗ ನೋಡಿದಳು, ಯಮುನಮ್ಮನ ಪಕ್ಕ ಕೂತು ಮೊರ ತೆಗೆದುಕೊಂಡಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಅದೇ ತಿರುವು ನೋಡುತ್ತಿದ್ದೆವು.

ಐದೂವರೆಗೆ ಸೈಕಲ್ಲುಗಳು ಕಂಡವು. ಎಣಿಸಿದೆ. ಆರು. ಮುಂದಿನ ಐದರಲ್ಲಿ ಗಂಗಾಶ್ರೀ ಇರಲಿಲ್ಲ. ಆರನೆಯದು ತೀರಾ ಹಿಂದೆ, ಮೆಲ್ಲಗೆ ಬರುತ್ತಿತ್ತು. ತುಳಿಯುತ್ತಿದ್ದವಳು ಬಿಂದುಶ್ರೀ. ಕ್ಯಾರಿಯರಿನಲ್ಲಿ ಕೂತವಳು ಅವಳ ಬೆನ್ನಿಗೆ ತಲೆ ಆನಿಸಿ, ಕೈ ಜೋತುಬಿಟ್ಟಿದ್ದಳು.

ಹಗ್ಗ ಬಿಸಾಕಿ ಓಡಿದೆ. ಆ ಓಟವನ್ನು ಸುಬ್ಬಯ್ಯ ಮೇಷ್ಟ್ರು ನೋಡಿದ್ದರೆ ನನ್ನನ್ನೇ ಹುಡುಗಿಯರ ಟೀಮಿಗೆ ಆರಿಸುತ್ತಿದ್ದರು. "ಏನಾತು? ಬಿದ್ದವಳು ಇವಳೇನು? ಎದೀ ಹಿಡೀತೇನು?"

"ಶ್!" ಬಿಂದುಶ್ರೀ ನನ್ನತ್ತ ಕಣ್ಣು ಕೆಕ್ಕರಿಸಿದಳು. "ಕಿರುಚಬ್ಯಾಡ. ಮಲಗ್ಯಾಳ."

"ಮಲಗ್ಯಾಳ?"

"ಬಿದ್ದವಳು ಸೊರಬದ ಸಮೀಕ್ಷಾ. ಇವಳನ್ನ ಹಿಡಿಯಾಕ ಹೋಗಿ ಕಂಬಕ್ಕ ಗುದ್ದಿಕೊಂಡಳು, ಏನಾಗಿಲ್ಲ. ಇವಳು ಮೂರು ಸುತ್ತೂ ಓಡಿದಳು, ಒಂದು ಸಲಾನೂ ಔಟಿಲ್ಲ. ಆರಿಸಿದ ಒಂಬತ್ತು ಜನದಾಗ ನಮ್ಮೂರಿನವರು ಇಬ್ಬರು, ಇವಳು, ನಾನು. ಸೀಟಿ ಬಾಯಾಗ ಇಟ್ಟುಕೊಂಡೇ ನಿಂತಿದ್ರು ಮೇಷ್ಟ್ರು, ನಾವು ಗೇಟು ದಾಟೋದಕ್ಕೂ ಊದೋದಕ್ಕೂ ಸರಿ ಆತು. ಬರೋವಾಗ ಎರಡು ಕಿಲೋಮೀಟರು ತುಳಿದು, ನಿದ್ದೆ ಬರ್ತದೆ ಅಂತ ಹಿಂದೆ ಕೂತಳು."

ಅವ್ವ ಬಂದು ನಿಂತಿದ್ದಳು. ಗಂಗಾಶ್ರೀಯ ಬಾಯಿ ಅರ್ಧ ತೆರೆದಿತ್ತು, ಮುಖದ ಮೇಲೆ ಬೆವರು ಒಣಗಿದ ಬಿಳಿ ಗೆರೆ. ಉಸಿರು ಹೋಗುತ್ತಿತ್ತು, ಬರುತ್ತಿತ್ತು, ಏನೂ ಸದ್ದಿಲ್ಲ. ಅವ್ವ ಬಹಳ ಹೊತ್ತು ಅದನ್ನೇ ಕೇಳಿದಳು. ಆಮೇಲೆ ಸೆರಗಿನಿಂದ ತನ್ನ ಮುಖವನ್ನು ಗಟ್ಟಿಯಾಗಿ ಒರೆಸಿಕೊಂಡು, "ಎಬ್ಬಿಸಬ್ಯಾಡ್ರಿ" ಅಂದಳು.

 ಬಿಂದುಶ್ರೀ ಮೆಲ್ಲಗೆ ಮುಂದಕ್ಕೆ ಜಾರಿ ಇಳಿದಳು, ನಾನು ಹ್ಯಾಂಡಲ್ಲು ಹಿಡಿದೆ, ಹುಚ್ಚರಾಯಪ್ಪನವರು ಬಂದು ಹಿಂದಿನ ಚಕ್ರಕ್ಕೆ ಕಾಲು ಒತ್ತಿ ಕೊಟ್ಟರು. ಗಂಗಾಶ್ರೀಯ ತಲೆ ಬಿಂದುಶ್ರೀಯ ಬೆನ್ನು ಬಿಟ್ಟು ಅವ್ವನ ಹೊಟ್ಟೆಗೆ ಆತುಕೊಂಡಿತು. ಸುತ್ತ ಹೊಟ್ಟು ತೂರುತ್ತಿದ್ದವರಿಗೆ ಯಮುನಮ್ಮ ಕೈ ಸನ್ನೆ ಮಾಡಿದಳು. ಒಬ್ಬೊಬ್ಬರಾಗಿ ಮೊರ ಕೆಳಗಿಟ್ಟರು, ದೂಳು ಕೂತಿತು.

ಆ ಸೈಕಲ್ಲನ್ನು ಅಲುಗಾಡದ ಹಾಗೆ ನಾನು ಹಿಡಿದು ನಿಂತದ್ದು ಕಾಲು ಗಂಟೆ. ಕಾಲು ಗಂಟೆಯೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.